ಹೊಳೆ, ಸೇತುವೆ, ಬೆಳಕು: ಸಿಸ್ಲೆಯ ಒಂದು ಚಿತ್ರದ ಪರಿಶೀಲನೆ

ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಗೀತ, ವಾದ್ಯ, ನೃತ್ಯಗಳಾದ ಕೂಡಲೆ ನಾಲ್ಕನೆಯದಾಗಿ ಬರುವುದು ಆಲೇಖ್ಯ, ಎಂದರೆ ಚಿತ್ರಲೇಖನ. ಶಾಲೆಯ ವೇಳಾಪಟ್ಟಿಯಲ್ಲಿ ಅದೇ ಕಲೆಗೆ ದೊರೆಯುವ ಸ್ಥಾನವು ಎಷ್ಟನೆಯದೆಂಬುದು ಅಧ್ಯಾಪಕ ವರ್ಗಕ್ಕೆ ತಿಳಿಯದ ಸಂಗತಿಯಲ್ಲ. ವಾರ್ಷಿಕ ಪರೀಕ್ಷೆಯು ಸಮೀಪಿಸಿತೆಂದರೆ ಗಣಿತಕ್ಕೋ ವಿಜ್ಞಾನಕ್ಕೋ ಮೊದಲು ಬಿಟ್ಟುಕೊಡುವ ತರಗತಿಯು ಚಿತ್ರಕಲೆಯದೇ. ಚಿತ್ರಕಲೆಯು ಕೈಗೆ ಸಂಬಂಧಿಸಿದ ಕುಶಲತೆ ಮಾತ್ರ, ಬುದ್ಧಿಗೆ ಅದರಿಂದ ಸಲ್ಲುವ ಸಂಸ್ಕಾರವೇನೂ ಇಲ್ಲ ಎಂಬ ತಿಳಿವಳಿಕೆಯು ಬಹುಕಾಲದಿಂದ ಬೇರುಬಿಟ್ಟಿರುವುದೇ ಇದಕ್ಕೆ ಕಾರಣ. ಆ ತಿಳಿವಳಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಬರಿಯ ವಾದದಿಂದ ನಿರ್ಣಯಿಸುವುದಕ್ಕಿಂತ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ನಿಧಾನವಾಗಿ ನೋಡಿ ನಿರ್ಣಯಿಸುವುದು ಲೇಸು.

ಸೇಡಂ, ಚಿತ್ತಾಪುರ, ಶಹಾಬಾದ ಸೀಮೆಯ ಯಾವ ಶಾಲೆಯಲ್ಲಿಯೇ ಆಗಲಿ, ಹೊಳೆಯ ಚಿತ್ರವನ್ನು ಬರೆಯಿರೆಂದು ಮಕ್ಕಳಿಗೆ ಹೇಳಿದರೆ ಹಾಳೆಯ ಮೇಲೆ ಮೂಡುವುದು ಬಹುಮಟ್ಟಿಗೆ ಒಂದೇ ಚಿತ್ರ. ತ್ರಿಕೋನಾಕಾರದ ಎರಡು ಬೆಟ್ಟಗಳು, ಅವುಗಳ ನಡುವೆ ಅರ್ಧ ಮೂಡಿದ ಸೂರ್ಯ, ಅಲ್ಲಿಂದ ಇಳಿದುಬರುವ ನೀಲಿಯ ಹೊಳೆ, ಪಕ್ಕದಲ್ಲಿ ಹಸಿರು ಗಿಡ. ಈ ಸೀಮೆಯ ಹೊಳೆಯಾದ ಕಾಗಿಣೆಯ ದಂಡೆಯಲ್ಲಿ ಅಂತಹ ಜೋಡಿ ಬೆಟ್ಟಗಳಿಲ್ಲ. ಅದರ ನೀರು ವರ್ಷದ ಬಹುಭಾಗ ನೀಲಿಯಾಗಿಯೂ ಇರುವುದಿಲ್ಲ. ಮಗುವು ತಾನು ಕಂಡ ಹೊಳೆಯನ್ನು ಬಿಟ್ಟು, ಹೊಳೆಯೆಂಬ ಶಬ್ದಕ್ಕೆ ತಾನು ಕಲಿತ ಗುರುತನ್ನು ಬರೆದಿದೆ. ಶಬ್ದವು ಕಣ್ಣಿಗೆ ಅಡ್ಡವಾಗಿ ನಿಂತಿದೆ. ಈ ಅಡ್ಡಿಯನ್ನು ಕಳೆಯುವುದಕ್ಕಾಗಿಯೇ ನೂರೈವತ್ತು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಕೆಲವು ಚಿತ್ರಕಾರರು ಜೀವಮಾನವೆಲ್ಲ ದುಡಿದರು. ಅವರಲ್ಲೊಬ್ಬನಾದ ಆಲ್‌ಫ್ರೆಡ್ ಸಿಸ್ಲೆಯು ೧೮೭೨ರಲ್ಲಿ ರಚಿಸಿದ ‘ವಿಲ್‌ನವ್-ಲಾ-ಗಾರೆನ್ನಿನ ಸೇತುವೆ’ ಎಂಬ ಚಿತ್ರವು ಪ್ರಸ್ತುತ ಪರಿಶೀಲನೆಯ ವಿಷಯ.

ಕೃತಿಯ ಪರಿಚಯ

ಪ್ಯಾರಿಸ್ ನಗರದ ಬಳಿ ಹರಿಯುವ ಸೇನ್ ನದಿಗೆ, ವಿಲ್‌ನವ್-ಲಾ-ಗಾರೆನ್ ಎಂಬ ಹಳ್ಳಿಯನ್ನು ಸೇಂಟ್ ಡೆನಿಸ್ ಎಂಬ ಉಪನಗರಕ್ಕೆ ಕೂಡಿಸುವ ಸಲುವಾಗಿ, ೧೮೪೪ರಲ್ಲಿ ಒಂದು ತೂಗುಸೇತುವೆಯನ್ನು ಕಟ್ಟಲಾಯಿತು. ಕಲ್ಲಿನ ಕಂಬಗಳ ಆಧಾರದಿಂದ ಎರಕದ ಕಬ್ಬಿಣದಲ್ಲಿ ರಚಿತವಾದ ಆ ಸೇತುವೆಯೇ ಚಿತ್ರದ ವಸ್ತು. ಚಿತ್ರಪಟವು ೪೯.೫ ಸೆಂಟಿಮೀಟರ್ ಎತ್ತರ, ೬೫.೪ ಸೆಂಟಿಮೀಟರ್ ಅಗಲದ್ದು. ತರಗತಿಯ ಗೋಡೆಗೆ ತೂಗುಹಾಕುವ ಭೂಪಟಕ್ಕಿಂತಲೂ ಚಿಕ್ಕದು. ಬಟ್ಟೆಯ ಮೇಲೆ ಎಣ್ಣೆಬಣ್ಣದಿಂದ ಬರೆದ ಈ ಕೃತಿಯು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ. ೧೯೬೪ರಲ್ಲಿ ಕಲಾಭಿಮಾನಿ ದಂಪತಿಗಳ ದಾನವಾಗಿ ಅದು ಅಲ್ಲಿಗೆ ಬಂದಿತೆಂಬುದು ಸ್ಮರಣೀಯ.

ಚಿತ್ರಕಾರನು ಸೇತುವೆಯನ್ನು ಎದುರುಮುಖವಾಗಿ ತೋರಿಸಿಲ್ಲ. ನೀರಿನ ಅಂಚಿಗೆ ಇಳಿದು, ದಂಡೆಯ ಮೇಲಿನಿಂದ ಸೇತುವೆಯನ್ನು ಓರೆಯಾಗಿ ನೋಡಿದ್ದಾನೆ. ಆದುದರಿಂದ ಅದು ಹತ್ತಿರದಲ್ಲಿ ಎತ್ತರವಾಗಿಯೂ ದೂರ ಹೋದಂತೆ ಕಿರಿದಾಗಿಯೂ ತೋರುತ್ತ, ನೋಡುವವನ ದೃಷ್ಟಿಯನ್ನು ಆಚೆಯ ದಂಡೆಯ ಮನೆಗಳವರೆಗೆ ಕೊಂಡೊಯ್ಯುತ್ತದೆ. ಮೇಲೆ ಬಿಳಿಯ ಮುಗಿಲುಗಳು ಚೆದುರಿದ ಶುಭ್ರವಾದ ಆಕಾಶ. ಕೆಳಗೆ ಆ ಆಕಾಶವನ್ನೂ ದಂಡೆಯನ್ನೂ ಸೇತುವೆಯನ್ನೂ ಒಡೆದು ಒಡೆದು ಪ್ರತಿಬಿಂಬಿಸುವ ನೀರು. ದಂಡೆಯಲ್ಲಿಯೂ ನೀರಿನ ಮೇಲೆಯೂ ವಿರಾಮದ ದಿನವನ್ನು ಕಳೆಯಲು ಬಂದ ಜನರು. ಇದಿಷ್ಟೇ ವಿಷಯ. ಪುರಾಣದ ಕಥೆಯಿಲ್ಲ, ರಾಜರ ಯುದ್ಧವಿಲ್ಲ, ದೇವತಾಮೂರ್ತಿಯಿಲ್ಲ. ಬಿಸಿಲಿನ ಒಂದು ದಿನ, ಒಂದು ಹೊಳೆ, ಒಂದು ಸೇತುವೆ.

ಪಂಥದ ಹೆಸರು ಮತ್ತು ಹಿನ್ನೆಲೆ

ಸಿಸ್ಲೆಯ ತಂದೆತಾಯಿಗಳು ಇಂಗ್ಲೆಂಡಿನವರು. ಅವನು ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, ೧೮೩೯ರಲ್ಲಿ. ವ್ಯಾಪಾರವನ್ನು ಕಲಿಯಲೆಂದು ಲಂಡನ್ನಿಗೆ ಕಳುಹಿಸಲ್ಪಟ್ಟವನು ವ್ಯಾಪಾರವನ್ನು ಬಿಟ್ಟು ಚಿತ್ರಕಲೆಗೆ ಒಲಿದನು. ೧೮೬೨ರಲ್ಲಿ ಪ್ಯಾರಿಸ್ಸಿನ ಗ್ಲೇರ್ ಎಂಬ ಚಿತ್ರಾಚಾರ್ಯನ ಕಲಾಶಾಲೆಯನ್ನು ಸೇರಿದಾಗ ಅವನಿಗೆ ಮೊನೆ, ರೆನ್ವಾರ್, ಬಾಜಿಲ್ ಎಂಬ ಸಹಾಧ್ಯಾಯಿಗಳು ದೊರೆತರು. ಆ ಕಾಲದ ಫ್ರಾನ್ಸಿನಲ್ಲಿ ಪ್ರಕೃತಿಚಿತ್ರವನ್ನು ಹೊರಗೆ ಕುಳಿತು ಕರಡಾಗಿ ಗುರುತಿಸಿಕೊಂಡು, ಮನೆಯೊಳಗೆ ಬಂದು ನಯಗೊಳಿಸಿ ಮುಗಿಸುವುದು ವಾಡಿಕೆಯಾಗಿತ್ತು. ಈ ಗೆಳೆಯರು ಹೊರಗಿನ ಬೆಳಕಿನಲ್ಲಿ, ವಸ್ತುವಿನ ಎದುರಿಗೇ ಕುಳಿತು, ಅಲ್ಲಿಯೇ ಚಿತ್ರವನ್ನು ರಚಿಸುವ ಮಾರ್ಗವನ್ನು ಹಿಡಿದರು.

ಈ ಮಾರ್ಗವು ಸಾಧ್ಯವಾದುದಕ್ಕೆ ಎರಡು ಲೌಕಿಕ ಕಾರಣಗಳುಂಟು. ಮೊದಲು ಚಿತ್ರಕಾರನು ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದು, ಹಂದಿಯ ಮೂತ್ರಕೋಶದ ಚೀಲಗಳಲ್ಲಿ ತುಂಬಿಡಬೇಕಾಗಿತ್ತು. ೧೮೪೧ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ತವರದ ಹಿಂಡುಕೊಳವೆಗೆ ಹಕ್ಕುಪತ್ರವನ್ನು ಪಡೆದ ಮೇಲೆ, ಬಣ್ಣವು ಒಣಗದಂತೆ ಜೋಳಿಗೆಯಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಒಯ್ಯುವುದು ಸುಲಭವಾಯಿತು. ಎರಡನೆಯದು ರೈಲುಮಾರ್ಗ. ನಗರದಿಂದ ಹೊಳೆಯ ದಂಡೆಯ ಹಳ್ಳಿಗಳಿಗೆ ಬೆಳಗ್ಗೆ ಹೋಗಿ ಸಂಜೆಗೆ ಮರಳುವುದು ರೈಲಿನಿಂದ ಸಾಧ್ಯವಾಯಿತು. ಒಂದು ಕಲೆಯ ಹೊಸ ದೃಷ್ಟಿಗೆ ತವರದ ಕೊಳವೆಯೂ ಉಗಿಬಂಡಿಯೂ ಸಹಾಯಕವಾದುದು ವಿಚಾರಾರ್ಹವಾದ ವಿಷಯ.

ಸರಕಾರದ ಮನ್ನಣೆಯುಳ್ಳ ಕಲಾಪ್ರದರ್ಶನದಲ್ಲಿ ಪದೇ ಪದೇ ತಿರಸ್ಕೃತರಾದ ಈ ಗೆಳೆಯರು ೧೮೭೪ರ ಏಪ್ರಿಲ್ ೧೫ರಂದು, ನದಾರ್ ಎಂಬ ಛಾಯಾಚಿತ್ರಕಾರನ ಹಳೆಯ ಚಿತ್ರಶಾಲೆಯಲ್ಲಿ, ತಮ್ಮದೇ ಆದ ಪ್ರದರ್ಶನವನ್ನು ತೆರೆದರು. ಸಿಸ್ಲೆಯ ಚಿತ್ರಗಳೂ ಅಲ್ಲಿದ್ದವು. ಮೊನೆಯು ಬಂದರಿನ ಮಂಜಿನಲ್ಲಿ ಮೂಡುವ ಸೂರ್ಯನ ಚಿತ್ರವೊಂದಕ್ಕೆ ಫ್ರೆಂಚ್ ಭಾಷೆಯಲ್ಲಿ ‘ಇಂಪ್ರೆಷನ್’, ಎಂದರೆ ‘ಅಚ್ಚೊತ್ತಿದ ಅನುಭವ’ ಎಂಬರ್ಥದ ಹೆಸರನ್ನು ಇಟ್ಟಿದ್ದನು. ಲೂಯಿ ಲೆರ್ವಾ ಎಂಬ ವಿಮರ್ಶಕನು ಹಾಸ್ಯಪತ್ರಿಕೆಯೊಂದರಲ್ಲಿ ಆ ಶಬ್ದವನ್ನೇ ಹಿಡಿದು, ಇವರೆಲ್ಲ ಇಂಪ್ರೆಷನಿಸ್ಟರೆಂದು ಗೇಲಿಮಾಡಿದನು. ಗೇಲಿಯ ಮಾತೇ ಪಂಥದ ಹೆಸರಾಗಿ ಉಳಿಯಿತು. ಕನ್ನಡದಲ್ಲಿ ಇದನ್ನು ದೃಕ್‌ಪ್ರತ್ಯಯವಾದವೆಂದೂ ಪರಿಣಾಮವಾದವೆಂದೂ ಕರೆಯಬಹುದು; ಕಣ್ಣಿನ ಮೇಲೆ ಬೆಳಕು ಮಾಡಿದ ಮುದ್ರೆಯನ್ನು ಹಿಡಿದಿಡುವ ಮಾರ್ಗವೆಂಬುದು ತಾತ್ಪರ್ಯ.

ನೀರಿನ ಬಣ್ಣ ಯಾವುದು?

ಚಿತ್ರದಲ್ಲಿ ಮೊದಲು ಪರೀಕ್ಷಿಸಬೇಕಾದುದು ನೀರು. ಸಮೀಪದಿಂದ ನೋಡಿದರೆ ಅಲ್ಲಿ ನೀರೇ ಇಲ್ಲ. ಚಪ್ಪಟೆಯಾದ, ಅಗಲವಾದ ಕುಂಚದ ಹೊಡೆತಗಳು ಒಂದರ ಪಕ್ಕದಲ್ಲೊಂದು ಅಡ್ಡಲಾಗಿ ಕುಳಿತಿವೆ. ಒಂದು ನೀಲಿ, ಮತ್ತೊಂದು ಬಿಳಿ, ಇನ್ನೊಂದು ಹಸಿರು, ಬೇರೊಂದು ಕಂದು. ಅವನ್ನು ಒಂದರಲ್ಲೊಂದು ಬೆರೆಸಿ ನುಣುಪು ಮಾಡುವ ಪ್ರಯತ್ನವೇ ಇಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನೋಡಿದೊಡನೆ ಅದೇ ಹೊಡೆತಗಳು ಕೂಡಿಕೊಂಡು, ಗಾಳಿಗೆ ಸಣ್ಣಗೆ ಕದಲುವ ನೀರಾಗುತ್ತವೆ.

ಇದು ಕಣ್ಕಟ್ಟಲ್ಲ, ಇದಕ್ಕೆ ಭೌತಶಾಸ್ತ್ರದ ಆಧಾರವಿದೆ. ನಿಶ್ಚಲವಾದ ನೀರು ಒಂದೇ ಕನ್ನಡಿ; ಅಲೆಯೆದ್ದ ನೀರು ಸಾವಿರ ಕನ್ನಡಿಯ ಚೂರು. ಪ್ರತಿಯೊಂದು ಅಲೆಯ ಒಂದು ಮುಖವು ಆಕಾಶದ ಕಡೆಗೆ, ಇನ್ನೊಂದು ಮುಖವು ದಂಡೆಯ ಕಡೆಗೆ ವಾಲಿರುತ್ತದೆ. ಆದುದರಿಂದ ಆಕಾಶದ ನೀಲಿ, ಮುಗಿಲಿನ ಬಿಳುಪು, ದಂಡೆಯ ಹಸಿರು, ಸೇತುವೆಯ ನೆರಳು, ಇವೆಲ್ಲ ತುಂಡುತುಂಡಾಗಿ ಪಕ್ಕಪಕ್ಕದಲ್ಲಿ ಕಣ್ಣಿಗೆ ಬೀಳುತ್ತವೆ. ಸಿಸ್ಲೆಯು ನೀರನ್ನು ಬರೆಯಹೋಗಲಿಲ್ಲ. ನೀರು ಏನನ್ನು ಹಿಂತಿರುಗಿಸುತ್ತದೆಯೋ ಅದನ್ನು ಬರೆದನು. ನೀರು ನೀಲಿ ಎಂಬುದು ಮಗು ಕಂಠಪಾಠ ಮಾಡಿದ ಮಾತು. ನೀರಿನ ಬಣ್ಣವು ಸುತ್ತಲಿನ ವಸ್ತುಗಳಿಂದಲೂ ಬೆಳಕಿನಿಂದಲೂ ತನ್ನಲ್ಲಿ ಕೂಡಿದ ಮಣ್ಣಿನಿಂದಲೂ ಆಗುವುದೆಂಬುದು ಕಣ್ಣಿನಿಂದ ಪಡೆದ ಜ್ಞಾನ.

ನೆರಳಿನ ವಿಷಯವೂ ಹೀಗೆಯೇ. ನೆರಳು ಕಪ್ಪು ಎಂಬುದು ರೂಢಿ. ಆದರೆ ಬಿಸಿಲಿನಲ್ಲಿ ಬಿದ್ದ ನೆರಳಿಗೆ ಸೂರ್ಯನ ಬೆಳಕು ತಪ್ಪಿದರೂ ತೆರೆದ ಆಕಾಶದ ಬೆಳಕು ತಪ್ಪುವುದಿಲ್ಲ. ಆದಕಾರಣ ಅದರಲ್ಲಿ ಆಕಾಶದ ನೀಲಿಯ ಛಾಯೆ ಇರುತ್ತದೆ. ಸಿಸ್ಲೆ ಮತ್ತು ಅವನ ಗೆಳೆಯರು ನೆರಳನ್ನು ನೀಲಿಯಾಗಿ, ನೇರಳೆಯಾಗಿ ಬರೆದಾಗ ಜನರು ನಕ್ಕರು. ಆದರೆ ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ನೆರಳನ್ನು ಬೆಳಗಿನ ಹೊತ್ತು ಯಾರಾದರೂ ಸಾವಧಾನವಾಗಿ ನೋಡಿದರೆ ಚಿತ್ರಕಾರರ ಮಾತೇ ಸತ್ಯವೆಂದು ತಿಳಿಯುವುದು.

ಬಣ್ಣಗಳು ನೆರೆಹೊರೆಯಿಂದ ಬದಲಾಗುವ ಸಂಗತಿಯನ್ನು ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ೧೮೩೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದ್ದನು. ಅವನು ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕ. ಕಪ್ಪು ನೂಲು ಕಳಪೆಯಾಗಿ ಕಾಣುತ್ತದೆಂಬ ದೂರು ಬಂದಾಗ ಅವನು ಪರೀಕ್ಷಿಸಿ ನೋಡಲಾಗಿ, ದೋಷವು ಕಪ್ಪಿನಲ್ಲಿರದೆ ಅದರ ಪಕ್ಕದಲ್ಲಿ ನೇಯ್ದ ನೀಲಿ ನೂಲಿನ ಪ್ರಭಾವದಲ್ಲಿತ್ತು. ಇಳಕಲ್ಲಿನ ಸೀರೆಯ ಒಡಲಿಗೂ ಕೆಂಪು ಸೆರಗಿಗೂ ಬಣ್ಣವನ್ನು ಹೊಂದಿಸುವ ನೇಕಾರನಿಗೆ ಈ ತತ್ತ್ವವು ಅನುಭವದಿಂದಲೇ ಗೊತ್ತು. ಶಾಸ್ತ್ರಜ್ಞನು ಸೂತ್ರವಾಗಿ ಹೇಳಿದುದನ್ನು ನೇಕಾರನು ಮಗ್ಗದ ಮೇಲೆಯೂ ಚಿತ್ರಕಾರನು ಪಟದ ಮೇಲೆಯೂ ಸಾಧಿಸಿದರು.

ಸೇತುವೆಯೇ ಏಕೆ?

ಹೊಳೆಯು ಸದಾ ಚಲಿಸುವ ವಸ್ತು. ಸೇತುವೆಯು ಚಲಿಸದ ವಸ್ತು. ಇವೆರಡನ್ನೂ ಒಂದೆಡೆ ತಂದಾಗ ಬೆಳಕಿನ ಚಾಂಚಲ್ಯಕ್ಕೆ ಒಂದು ಅಳತೆಗೋಲು ಸಿಗುತ್ತದೆ. ಸೇತುವೆಯ ಗೆರೆಗಳು ದೃಢವಾಗಿ ನಿಂತಿರುವುದರಿಂದಲೇ ಕೆಳಗಿನ ನೀರಿನ ಕದಲಿಕೆಯು ಸ್ಪಷ್ಟವಾಗುತ್ತದೆ. ಸಿಸ್ಲೆಯ ಚಿತ್ರದಲ್ಲಿ ಸೇತುವೆಯ ಮೇಲ್ಗಡೆಯೆಲ್ಲ ಖಚಿತವಾದ ರೇಖೆ; ನೀರಿಗೆ ಇಳಿದ ಕೂಡಲೆ ಅದೇ ರೇಖೆಯು ಚೂರುಚೂರಾಗಿ ಹೊಳೆಯೊಂದಿಗೆ ಹೋಗುತ್ತದೆ. ಸ್ಥಿರ ಮತ್ತು ಚರ ಇವುಗಳ ಈ ಸಂಯೋಗವೇ ಚಿತ್ರದ ಬೆನ್ನೆಲುಬು.

ಎರಡನೆಯ ಕಾರಣವು ಚರಿತ್ರೆಗೆ ಸಂಬಂಧಿಸಿದ್ದು. ೧೮೭೦-೭೧ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಘೋರ ಯುದ್ಧವಾಯಿತು. ಸೇನ್ ನದಿಯ ಸೇತುವೆಗಳಲ್ಲಿ ಕೆಲವು ಆಗ ನಾಶವಾದವು. ಅರ್ಜಾಂಟೈ ಎಂಬ ಊರಿನ ಸೇತುವೆಗಳನ್ನು ಯುದ್ಧದ ತರುವಾಯ ಮತ್ತೆ ಕಟ್ಟಬೇಕಾಯಿತು. ಆ ಊರಿನಲ್ಲಿ ನೆಲೆಸಿದ ಮೊನೆಯು ಮರದ ಅಟ್ಟಣಿಗೆಗಳ ನಡುವೆ ದುರಸ್ತಿಯಾಗುತ್ತಿದ್ದ ಸೇತುವೆಯನ್ನು ೧೮೭೨ರಲ್ಲಿಯೂ, ಪೂರ್ಣಗೊಂಡು ಬಿಸಿಲಿನಲ್ಲಿ ನಿಂತ ಸೇತುವೆಯನ್ನು ೧೮೭೪ರಲ್ಲಿಯೂ ಚಿತ್ರಿಸಿದನು. ಅದೇ ಯುದ್ಧದ ಕಾಲದಲ್ಲಿ ಸಿಸ್ಲೆಯ ತಂದೆಯ ವ್ಯಾಪಾರವು ನೆಲಕಚ್ಚಿತು. ಅಲ್ಲಿಯವರೆಗೆ ಮನೆಯ ಹಣದಿಂದ ಚಿತ್ರ ಬರೆಯುತ್ತಿದ್ದವನು ಅಂದಿನಿಂದ ಚಿತ್ರವನ್ನು ಮಾರಿಯೇ ಸಂಸಾರವನ್ನು ನಡೆಸಬೇಕಾಯಿತು. ಹೀಗೆ ಸರ್ವಸ್ವವನ್ನು ಕಳೆದುಕೊಂಡ ಮರುವರ್ಷವೇ ರಚಿತವಾದ ಚಿತ್ರದಲ್ಲಿ ದುಃಖದ ಛಾಯೆಯೂ ಇಲ್ಲದಿರುವುದನ್ನು ಗಮನಿಸಬೇಕು. ಯುದ್ಧವು ಮುಗಿದಿದೆ, ಸೇತುವೆ ನಿಂತಿದೆ, ಜನರು ಹೊಳೆಯ ದಂಡೆಗೆ ಮರಳಿದ್ದಾರೆ. ಎರಡು ದಂಡೆಗಳು ಕೂಡಿಯೇ ಇವೆ ಎಂಬ ಸಮಾಧಾನವನ್ನು ಚಿತ್ರಕಾರನು ಮಾತಿನಲ್ಲಿ ಹೇಳದೆ ಬೆಳಕಿನಲ್ಲಿ ತೋರಿದ್ದಾನೆ.

ಅಲಂಕಾರಶಾಸ್ತ್ರದ ಬೆಳಕಿನಲ್ಲಿ

ಕಂಡುದನ್ನು ಕಂಡಂತೆ ಬರೆದರೆ ಅದು ಕಲೆಯೇ ಎಂಬ ಪ್ರಶ್ನೆಯು ಇಲ್ಲಿ ಏಳುತ್ತದೆ. ಈ ಪ್ರಶ್ನೆಯು ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ವಸ್ತುವಿನ ಸ್ವಭಾವವನ್ನು ಇದ್ದಂತೆಯೇ ಸಾಕ್ಷಾತ್ಕರಿಸುವ ಉಕ್ತಿಗೆ ಸ್ವಭಾವೋಕ್ತಿಯೆಂದು ಹೆಸರು. ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಅಲಂಕಾರಗಳ ಸಾಲಿನಲ್ಲಿ ಇದಕ್ಕೆ ಮೊದಲ ಸ್ಥಾನವನ್ನು ಕೊಟ್ಟನು. ಕುಂತಕನಾದರೋ ತನ್ನ ವಕ್ರೋಕ್ತಿಜೀವಿತದಲ್ಲಿ, ಸ್ವಭಾವವೇ ಅಲಂಕರಿಸಲ್ಪಡಬೇಕಾದ ವಸ್ತುವಾಗಿರುವಾಗ ಅದನ್ನೇ ಅಲಂಕಾರವೆಂದು ಹೇಳುವುದು ಹೇಗೆಂದು ಆಕ್ಷೇಪಿಸಿದನು. ಪ್ಯಾರಿಸ್ಸಿನ ವಿಮರ್ಶಕರು ೧೮೭೪ರಲ್ಲಿ ಎತ್ತಿದ ಆಕ್ಷೇಪವೂ ತತ್ತ್ವತಃ ಇದಕ್ಕೆ ಹತ್ತಿರವಾದುದೇ. ಹೊಳೆಯನ್ನು ಹೊಳೆಯಾಗಿಯೇ ತೋರಿಸಿದರೆ ಅದರಲ್ಲಿ ಕಲೆಗಾರನ ವ್ಯಾಪಾರವೇನು?

ಉತ್ತರವು ಸಿಸ್ಲೆಯ ಪಟದಲ್ಲಿಯೇ ಇದೆ. ಕಂಡುದನ್ನು ಕಂಡಂತೆ ತೋರಿಸುವುದು ಸುಲಭವೆಂದು ತೋರಿದರೂ, ಕಾಣುವುದೇ ದುರ್ಲಭ. ಸ್ವಭಾವೋಕ್ತಿಯಲ್ಲಿ ಕವಿಯು ಸಾಮಾನ್ಯರ ದೃಷ್ಟಿಗೆ ಬೀಳದ ಸೂಕ್ಷ್ಮವನ್ನು ಹಿಡಿಯುತ್ತಾನೆ. ಹಾಗೆ ಹಿಡಿಯದ ವರ್ಣನೆಯು ಬರಿಯ ವಾರ್ತೆಯಾಗುತ್ತದೆ. ಹೊಳೆಯ ಮೇಲೆ ಸೇತುವೆಯಿದೆ ಎಂಬುದು ವಾರ್ತೆ. ಇಂಥ ದಿನದ ಇಂಥ ಬೆಳಕಿನಲ್ಲಿ ಸೇತುವೆಯ ನೆರಳು ನೀರಿಗೆ ಬಿದ್ದು ಹೀಗೆ ಒಡೆಯಿತು ಎಂಬುದು ಸ್ವಭಾವೋಕ್ತಿ. ಮೇಲಾಗಿ ಚಿತ್ರವು ತಾನು ತೋರಿಸಿದಷ್ಟಕ್ಕೆ ನಿಲ್ಲುವುದಿಲ್ಲ. ಕುಂಚದ ಹೊಡೆತಗಳ ನಡುವೆ ಉಳಿದುದನ್ನು ನೋಡುವವನ ಕಣ್ಣೇ ಪೂರೈಸಿಕೊಳ್ಳುತ್ತದೆ. ಹೇಳಿದ ಶಬ್ದದಿಂದ ಹೇಳದ ಅರ್ಥವು ಸ್ಫುರಿಸುವುದನ್ನು ಆನಂದವರ್ಧನನು ಧ್ವನಿಯೆಂದು ಕರೆದನಷ್ಟೆ. ಆ ಶಬ್ದವನ್ನು ಚಿತ್ರಕ್ಕೂ ಸಲ್ಲಿಸಬಹುದಾದರೆ, ಸಿಸ್ಲೆಯ ನೀರು ಧ್ವನಿಯುಳ್ಳ ನೀರು.

ಚಿತ್ರದಲ್ಲಿ ಆಚಾರ್ಯರು ರೇಖೆಯನ್ನೂ ವಿಚಕ್ಷಣರು ಛಾಯೆಯನ್ನೂ ಮೆಚ್ಚುವರೆಂದೂ, ಉಳಿದ ಜನರು ಬಣ್ಣದ ಸಮೃದ್ಧಿಗೆ ಒಲಿಯುವರೆಂದೂ ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರವು ಹೇಳುತ್ತದೆ. ಈ ಪಂಥದ ಚಿತ್ರಕಾರರು ಛಾಯೆಯನ್ನೇ ಬಣ್ಣದಿಂದ ಸಾಧಿಸಿ, ಈ ವಿಭಾಗವನ್ನು ಒಂದು ಬಗೆಯಾಗಿ ಅಳಿಸಿಹಾಕಿದರೆಂದು ಹೇಳಬಹುದು. ಶಾಸ್ತ್ರವನ್ನು ಬಲ್ಲವನು ಹೊಸದನ್ನು ಕಂಡು ಹೆದರಬೇಕಾಗಿಲ್ಲ. ಹಳೆಯ ಅಳತೆಗೋಲಿನಿಂದ ಹೊಸದನ್ನು ಅಳೆದಾಗ ಎರಡರ ಬೆಲೆಯೂ ತಿಳಿಯುತ್ತದೆ.

ಕಾಗಿಣೆಯ ದಂಡೆಯಲ್ಲಿ

ದೂರದ ಸೇನ್ ನದಿಯ ಪಾಠವು ಮುಧೋಳದ ವಿದ್ಯಾರ್ಥಿಗೆ ಎಷ್ಟರಮಟ್ಟಿಗೆ ಉಪಯುಕ್ತ? ಮುಧೋಳದಿಂದ ಸೇಡಂ ಮಾರ್ಗವಾಗಿ ಕಲಬುರಗಿಗೆ ಹೋಗುವವರು ಮಳಖೇಡದ ಬಳಿ ಕಾಗಿಣೆಯನ್ನು ದಾಟುತ್ತಾರೆ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇದೇ ಮಳಖೇಡ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶಕ್ಕೆ ಬಹಳಮಟ್ಟಿಗೆ ಋಣಿಯಾದ ಗ್ರಂಥ. ಸ್ವಭಾವೋಕ್ತಿಗೆ ಮೊದಲ ಮಣೆ ಹಾಕಿದ ದಂಡಿಯ ವಿಚಾರವು ಕನ್ನಡಕ್ಕೆ ಇಳಿದುಬಂದುದು ಈ ಹೊಳೆಯ ದಂಡೆಯಲ್ಲಿಯೇ ಎಂದ ಮೇಲೆ, ಇದ್ದುದನ್ನು ಇದ್ದಂತೆ ನೋಡುವ ವಿದ್ಯೆಯು ಈ ಸೀಮೆಗೆ ಪರದೇಶದ್ದೆಂದು ಹೇಳುವಂತಿಲ್ಲ.

ತಾಂಡೂರಿನ ಕಡೆಯಿಂದ ಹರಿದುಬಂದು, ಸೇಡಂ ಮತ್ತು ಚಿತ್ತಾಪುರ ಸೀಮೆಗಳನ್ನು ಹಾಯ್ದು, ಶಹಾಬಾದದ ಬಳಿಯ ಹೊನಗುಂಟದಲ್ಲಿ ಭೀಮೆಯನ್ನು ಕೂಡುವ ಕಾಗಿಣೆಗೆ ವರ್ಷದಲ್ಲಿ ಒಂದೇ ಬಣ್ಣವಿರುವುದಿಲ್ಲ. ಬೇಸಿಗೆಯಲ್ಲಿ ನೀರು ಸೊರಗಿ, ಕಲ್ಲುಬಂಡೆಗಳ ನಡುವೆ ಮಡುಗಳಾಗಿ ನಿಂತು, ಪಾಚಿಯ ಹಸಿರನ್ನೂ ಆಕಾಶದ ಬಿಳುಪನ್ನೂ ಹೊತ್ತಿರುತ್ತದೆ. ಮೃಗಶಿರೆಯ ಮಳೆ ಬಿದ್ದೊಡನೆ ಎರೆಯ ಮಣ್ಣು ಕೂಡಿದ ಕದಡು ನೀರು ದಂಡೆಯನ್ನೇ ಹೋಲುತ್ತದೆ. ಮಾರ್ಗಶಿರದಲ್ಲಿ ಸುತ್ತಲಿನ ತೊಗರಿಯ ಹೊಲಗಳು ಹಳದಿ ಹೂವಿನ ಮೇಲೆ ಮಂಜನ್ನು ಹೊದ್ದಿರುವಾಗ, ತಿಳಿಯಾದ ನೀರಿನಲ್ಲಿ ಎಳೆಬಿಸಿಲಿನ ಬಣ್ಣವೇ ಬೇರೆ. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳ ಧೂಳು ಗಾಳಿಯಲ್ಲಿ ತೂಗಿದ ಸಂಜೆ ಸೂರ್ಯನು ಮುಳುಗುವ ಬಗೆಯೇ ಬೇರೆ. ನೀಲಿಯ ಪೆನ್ಸಿಲೊಂದರಿಂದ ಇಷ್ಟನ್ನೂ ಬರೆಯುವುದು ಅಸಾಧ್ಯ.

ಸಿಸ್ಲೆಯು ಹೊಳೆಯ ಸೌಮ್ಯರೂಪವನ್ನು ಮಾತ್ರ ಬರೆದವನಲ್ಲ. ೧೮೭೬ರಲ್ಲಿ ಸೇನ್ ನದಿಯು ಉಕ್ಕಿ ಪೋರ್-ಮಾರ್ಲಿ ಎಂಬ ಊರಿನ ಬೀದಿಗಳನ್ನು ಮುಳುಗಿಸಿದಾಗ ಅವನು ಅಲ್ಲಿಗೆ ಹೋಗಿ ಹಲವು ಚಿತ್ರಗಳನ್ನು ರಚಿಸಿದನು. ಅವುಗಳಲ್ಲಿ ಗೋಳಾಟವಿಲ್ಲ, ಬೀದಿಯಲ್ಲಿ ನಿಂತ ನೀರು, ದೋಣಿಯಲ್ಲಿ ಹೋಗುವ ಜನ, ನೀರಿನಲ್ಲಿ ಇಳಿಬಿದ್ದ ಆಕಾಶ. ಕಾಗಿಣೆಯ ದಂಡೆಯವರಿಗೆ ಮಹಾಪೂರವು ಹೊಸ ಮಾತಲ್ಲ. ಮಳಖೇಡದ ಸೇತುವೆಯೂ ಚಿತ್ತಾಪುರದ ಹಾದಿಯ ದಂಡೋತಿಯ ಸೇತುವೆಯೂ ನೀರಿನಲ್ಲಿ ಮುಳುಗಿ ಸಂಚಾರವು ನಿಂತುಹೋದ ಮಳೆಗಾಲಗಳು ಹಲವು. ೨೦೨೦ರ ಅಕ್ಟೋಬರ್ ತಿಂಗಳಿನ ಪ್ರವಾಹವು ಈ ಭಾಗದವರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಸೇತುವೆ ಮುಳುಗಿದ ದಿನ ಆಚೆ ದಂಡೆಯ ಊರು ಎಷ್ಟು ದೂರವಾಗುವುದೆಂಬುದನ್ನು ಬಲ್ಲ ಮಗುವಿಗೆ, ಸೇತುವೆಯ ಚಿತ್ರವು ಬರಿಯ ಅಲಂಕಾರದ ವಸ್ತುವಾಗಲಾರದು. ಆ ಮಗುವಿಗೆ ಬರೆಯಲು ಸ್ವಂತದ ವಿಷಯವಿದೆ. ಅದನ್ನು ಬರೆಯಬಹುದೆಂದು ಹೇಳುವವರು ಬೇಕಾಗಿದ್ದಾರೆ.

ಕನ್ನಡ ನಾಡಿನಲ್ಲಿ ಹೀಗೆ ಹೇಳಿದವರು ಇಲ್ಲದಿಲ್ಲ. ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ಗಳ ಮಂಜನ್ನೂ ಹೊತ್ತುಹೊತ್ತಿನ ಬೆಳಕನ್ನೂ ಜಲವರ್ಣದಲ್ಲಿ ಹಿಡಿದರು. ಆ ಚಿತ್ರಗಳು ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾಶಾಲೆಯ ಸಂಗ್ರಹದಲ್ಲಿವೆ. ಸ್ವಾತಂತ್ರ್ಯ ಹೋರಾಟಗಾರರೂ ಪತ್ರಿಕೋದ್ಯಮಿಗಳೂ ಆಗಿದ್ದ ರುಮಾಲೆ ಚೆನ್ನಬಸವಯ್ಯನವರು (೧೯೧೦-೧೯೮೮) ಬಿಸಿಲಿನಲ್ಲಿಯೇ ಕುಳಿತು, ಹೂಬಿಟ್ಟ ಮರಗಳನ್ನೂ ಬೀದಿಗಳನ್ನೂ ಬಣ್ಣದ ಚಿಕ್ಕಚಿಕ್ಕ ಹೊಡೆತಗಳಿಂದ ರೂಪಿಸಿದರು. ಪೌರಾಣಿಕ ಚಿತ್ರಗಳಿಂದಲೂ ಕ್ಯಾಲೆಂಡರುಗಳಿಂದಲೂ ಭಾರತಾದ್ಯಂತ ಹೆಸರಾದ ಎಸ್. ಎಂ. ಪಂಡಿತರು (೧೯೧೬-೧೯೯೩) ಕಲಬುರಗಿಯವರು. ಅದೇ ಊರಿನ ಚಿತ್ರಕಲಾ ಅಧ್ಯಾಪಕರಾದ ಶಂಕರರಾವ್ ಆಳಂದಕರರ ಬಳಿ ಮೊದಲ ಪಾಠಗಳನ್ನು ಕಲಿತವರು. ಪಂಡಿತರ ಮಾರ್ಗವು ಸಿಸ್ಲೆಯದಲ್ಲ. ಆದರೆ ಈ ಜಿಲ್ಲೆಯ ಒಬ್ಬ ಅಧ್ಯಾಪಕನ ಕೈಕೆಳಗೆ ಎಂತಹ ಕಲಾವಿದನು ಬೆಳೆಯಬಹುದೆಂಬುದಕ್ಕೆ ಅವರಿಗಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಒಂದು ಅಭ್ಯಾಸ

ಈ ಪಾಠವನ್ನು ಆಚರಣೆಗೆ ತರಲು ದೊಡ್ಡ ಸಲಕರಣೆಯ ಅಗತ್ಯವಿಲ್ಲ. ಈ ಭಾಗದ ಮನೆಗಳ ಅಂಗಳಕ್ಕೆ ಹಾಸುವ ಶಹಾಬಾದ ಫರಸಿಯೊಂದನ್ನು ಶಾಲೆಯ ಬಯಲಿನಲ್ಲಿಟ್ಟು, ಬೆಳಗ್ಗೆ ಎಂಟು ಗಂಟೆಗೆ, ನಡುಹಗಲಿಗೆ, ಸಂಜೆ ಐದು ಗಂಟೆಗೆ ಮಕ್ಕಳಿಗೆ ತೋರಿಸಿ, ಅದರ ಬಣ್ಣವನ್ನು ಬರೆದಿಡಲು ಹೇಳಬೇಕು. ಫರಸಿಯ ಬಣ್ಣವೇನೆಂದು ಮೊದಲೇ ಕೇಳಿದರೆ ಎಲ್ಲರೂ ಬೂದಿಯ ಬಣ್ಣವೆನ್ನುವರು. ಮೂರು ಹೊತ್ತು ನೋಡಿದ ಮೇಲೆ ಬೆಳಗ್ಗೆ ನಸುನೀಲಿ, ನಡುಹಗಲಿಗೆ ಕಣ್ಣು ಕೋರೈಸುವ ಬಿಳುಪು, ಸಂಜೆಗೆ ಹೊಂಬಣ್ಣವೆಂದು ಅವರೇ ಹೇಳುವರು. ಬಳಿಕ ಅದರ ಮೇಲೆ ಒಂದು ತಂಬಿಗೆ ನೀರು ಸುರಿದರೆ ಕಲ್ಲು ಕಪ್ಪಾಗಿ, ಆ ಕಪ್ಪಿನಲ್ಲಿ ಆಕಾಶವೂ ಬೇವಿನ ಮರವೂ ಕಾಣಿಸಿಕೊಳ್ಳುವುವು. ಸಿಸ್ಲೆಯ ನೀರಿನ ರಹಸ್ಯವು ಆಗ ಮಾತಿಲ್ಲದೆ ತಿಳಿಯುತ್ತದೆ. ಅನಂತರ ಹಿರಿಯರ ಮೇಲ್ವಿಚಾರಣೆಯಲ್ಲಿ, ನೀರು ಇಳಿದ ಕಾಲದಲ್ಲಿ, ಒಮ್ಮೆ ಮಳಖೇಡದ ಸೇತುವೆಯ ಬಳಿಗೆ ಕರೆದೊಯ್ದು ಅದೇ ಪರೀಕ್ಷೆಯನ್ನು ಹೊಳೆಯ ಮೇಲೆ ಮಾಡಿಸಬಹುದು.

ಇದರಿಂದ ಮಕ್ಕಳೆಲ್ಲ ಚಿತ್ರಕಾರರಾಗುವರೆಂದು ಯಾರೂ ಭಾವಿಸಬೇಕಾಗಿಲ್ಲ. ಕೇಳಿದ ಮಾತನ್ನು ಪರೀಕ್ಷಿಸದೆ ಒಪ್ಪದಿರುವುದು, ಸ್ವಂತ ಕಣ್ಣಿನ ಸಾಕ್ಷ್ಯಕ್ಕೆ ಬೆಲೆ ಕೊಡುವುದು, ಸಣ್ಣ ವ್ಯತ್ಯಾಸವನ್ನು ಗುರುತಿಸಿ ಸರಿಯಾದ ಶಬ್ದದಿಂದ ಹೇಳುವುದು, ಇವು ವಿಜ್ಞಾನಕ್ಕೂ ಬೇಕು, ವ್ಯವಸಾಯಕ್ಕೂ ಬೇಕು, ಭಾಷೆಗೂ ಬೇಕು. ತೊಗರಿಯ ಎಲೆಯ ಬಣ್ಣವು ಬದಲಾದುದನ್ನು ಮೊದಲ ದಿನವೇ ಕಾಣುವ ಒಕ್ಕಲಿಗನೂ, ರೋಗಿಯ ಕಣ್ಣಿನ ಬಿಳುಪಿನಲ್ಲಿ ಹಳದಿಯನ್ನು ಗುರುತಿಸುವ ವೈದ್ಯನೂ ಬಳಸುವ ವಿದ್ಯೆ ಇದೇ. ಚಿತ್ರಕಲೆಯ ತರಗತಿಯನ್ನು ಗಣಿತಕ್ಕೆ ಬಿಟ್ಟುಕೊಟ್ಟಾಗ ಕಳೆದುಹೋಗುವುದು ಬಣ್ಣ ಬಳಿಯುವ ಒಂದು ಗಂಟೆಯಷ್ಟೇ ಅಲ್ಲ. ಗಣಿತವನ್ನೂ ವಿಜ್ಞಾನವನ್ನೂ ಕಲಿಯಬೇಕಾದ ಮನಸ್ಸಿನ ಒಂದು ಶಕ್ತಿಯೂ ಅದರೊಡನೆ ಕುಂದುತ್ತದೆ.

ಕೊನೆಯದಾಗಿ ಸಿಸ್ಲೆಯ ಜೀವನದ ಉತ್ತರಾರ್ಧವನ್ನು ನೆನೆಯುವುದು ಉಚಿತ. ಡ್ಯುರಾಂಡ್-ರೂಯೆಲ್ ಎಂಬ ಉದಾರಿಯಾದ ಚಿತ್ರವ್ಯಾಪಾರಿಯು ೧೮೭೨ರಲ್ಲಿ ಅವನ ಚಿತ್ರಗಳನ್ನು ಕೊಂಡು ಪ್ರೋತ್ಸಾಹಿಸಿದರೂ, ಮುಂದೆ ಆ ಆಸರೆಯು ಸ್ಥಿರವಾಗಿ ನಿಲ್ಲಲಿಲ್ಲ. ಜೊತೆಗಾರರಾದ ಮೊನೆ, ರೆನ್ವಾರರಿಗೆ ಬದುಕಿರುವಾಗಲೇ ಕೀರ್ತಿಯೂ ಸಂಪತ್ತೂ ಬಂದವು, ಸಿಸ್ಲೆಗೆ ಬರಲಿಲ್ಲ. ಹುಟ್ಟಿದ ದೇಶದ ಪೌರತ್ವವನ್ನು ಕೋರಿದರೂ ಅದು ಅವನಿಗೆ ದೊರೆಯಲಿಲ್ಲ. ೧೮೯೯ರ ಜನವರಿಯಲ್ಲಿ, ಮೊರೇ ಎಂಬ ಹೊಳೆಯ ದಂಡೆಯ ಊರಿನಲ್ಲಿ, ಬಡತನದಲ್ಲಿಯೇ ಅವನು ತೀರಿಕೊ೦ಡನು. ಮರುವರ್ಷ, ೧೯೦೦ರಲ್ಲಿ, ಅವನ ಪೋರ್-ಮಾರ್ಲಿಯ ಪ್ರವಾಹಚಿತ್ರಗಳಲ್ಲೊಂದು ಹರಾಜಿನಲ್ಲಿ ೪೩,೦೦೦ ಫ್ರಾಂಕುಗಳಿಗೆ ಮಾರಾಟವಾಯಿತು. ಅದರಲ್ಲಿ ಒಂದು ಕಾಸೂ ಬರೆದವನ ಕೈಗೆ ಬರುವಂತಿರಲಿಲ್ಲ.

ಈ ಸಂಗತಿಯಲ್ಲಿ ವಿದ್ಯಾಸಂಸ್ಥೆಗಳನ್ನು ಪೋಷಿಸುವ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ಸೂಚನೆಯುಂಟು. ಕಟ್ಟಡಕ್ಕೆ ಸಲ್ಲುವ ದಾನವು ಕಣ್ಣಿಗೆ ಕಾಣುತ್ತದೆ. ಬಣ್ಣದ ಪೆಟ್ಟಿಗೆಗೆ, ಒಳ್ಳೆಯ ಚಿತ್ರಗಳ ಪ್ರತಿಕೃತಿಗಳಿಗೆ, ಒಬ್ಬ ಚಿತ್ರಕಲಾ ಅಧ್ಯಾಪಕನ ಸಂಬಳಕ್ಕೆ ಸಲ್ಲುವ ದಾನವು ಕಾಣುವುದಿಲ್ಲ. ಆದರೆ ಪ್ರತಿಭೆಗೆ ನೆರವು ಬೇಕಾದುದು ಅದು ಹೆಸರಾದ ಮೇಲಲ್ಲ, ಮೊಳಕೆಯಲ್ಲಿರುವಾಗ. ಕಾಗಿಣೆಯ ದಂಡೆಯ ಯಾವುದೋ ಹಳ್ಳಿಯ ಯಾವುದೋ ಮಗು, ಜೋಡಿ ಬೆಟ್ಟಗಳನ್ನು ಬಿಟ್ಟು, ತಾನು ದಿನವೂ ದಾಟುವ ಸೇತುವೆಯನ್ನು ತಾನು ಕಂಡ ಬಣ್ಣದಲ್ಲಿ ಬರೆದು ಅಧ್ಯಾಪಕರ ಮುಂದೆ ಹಿಡಿದ ದಿನ, ನೀರು ನೀಲಿಯಾಗಿರಬೇಕಲ್ಲವೇ ಎಂದು ತಿದ್ದದೆ, ಇದನ್ನು ಯಾವ ಹೊತ್ತಿನಲ್ಲಿ ನೋಡಿದೆ ಎಂದು ಕೇಳುವ ಅಧ್ಯಾಪಕರು ಅಲ್ಲಿರಬೇಕು.